ಗೇರುಹಣ್ಣಿನ ಸ್ಪಿರಿಟ್ ಕುಡಿದದ್ದು ನಮ್ಮ ಎಂಜಿನ್

ವಾಮದಪದವು, ಮಾರ್ಚ್ ೧೯೬೬

ಪಾನನಿರೋಧದ ಮಾನ್ಯ ಅಧಿಕಾರಿಗಳೇ,

ತಮ್ಮ ಇಲಾಖೆಯವರು ಕಳೆದ ವಾರ ನನ್ನ ಗಂಡ ತುಕ್ರಪ್ಪನವರನ್ನೂ ನೀರೆತ್ತುವ ಎಂಜಿನನ್ನೂ ಒಟ್ಟಿಗೆ ಜೀಪಿಗೆ ಹಾಕಿಕೊಂಡು ಹೋದರು. ಕಳ್ಳಭಟ್ಟಿಯ ಆರೋಪವಂತೆ. ಇಬ್ಬರೂ ಇನ್ನೂ ತಮ್ಮ ವಶದಲ್ಲಿದ್ದಾರೆ. ಗಂಡನ ಹೆಸರು ಹೇಳಬಾರದೆಂಬ ಶಾಸ್ತ್ರ ನಮ್ಮಲ್ಲುಂಟು. ಅದನ್ನೂ ನೀವು ಮುರಿಸಿದಿರಿ. ಬೇಸಿಗೆಯ ಕೊಳಕೆ ಬೆಳೆಯ ಭತ್ತ ಹಾಲುಗಟ್ಟುವ ಹೊತ್ತು, ನೀರಿಲ್ಲದೆ ಗದ್ದೆ ಬಿರುಕು ಬಿಟ್ಟಿದೆ.

ಹೆಚ್ಚು ಬೆಳೆಯಿರಿ ಎನ್ನುವುದು ಸರಕಾರವೇ, ಎಂಜಿನಿಗೆ ಸೀಮೆಎಣ್ಣೆ ಇಲ್ಲ ಎನ್ನುವುದೂ ಸರಕಾರವೇ. ನಮ್ಮ ಗುಡ್ಡದಲ್ಲಿ ಬೀಜ ಕಿತ್ತ ಮೇಲೆ ಗೇರುಹಣ್ಣು ರಾಶಿ ರಾಶಿ ಕೊಳೆಯುತ್ತದೆ. ಅದರ ರಸ ಹುಳಿಬರಿಸಿ, ಮತ್ತೆ ಮತ್ತೆ ಭಟ್ಟಿ ಇಳಿಸಿ, ಯಾರೂ ಬಾಯಿಗಿಡದಂತೆ ಉಳಿದ ಚೂರು ಸೀಮೆಎಣ್ಣೆ ಬೆರೆಸಿದ್ದಾಯಿತು. ಎಂಜಿನ್ ನಾಲ್ಕು ಸಲ ಕೆಮ್ಮಿತು, ಆಮೇಲೆ ಓಡಿತು. ಕಬ್ಬಿನ ಕಾಕಂಬಿಯಿಂದ ಸ್ಪಿರಿಟ್ ತೆಗೆದು ಪೆಟ್ರೋಲಿಗೆ ಬೆರೆಸಿದರೆ ದೇಶೋದ್ಧಾರ, ಗೇರುಹಣ್ಣಿನಿಂದ ತೆಗೆದರೆ ಅಪರಾಧವೇ? ಕಬ್ಬು ಬೆಳೆಯದ ಊರಿನವರು ಏನು ಪಾಪ ಮಾಡಿದ್ದೇವೆ?

ತಮಗೆ ಸಿಕ್ಕ ಮಹಾ ಸಾಕ್ಷ್ಯವೆಂದರೆ ನನ್ನ ಅತ್ತೆ ಸೇಸಮ್ಮ ದೈವದ ಕಲ್ಲಿನ ಮುಂದೆ ಇಟ್ಟಿದ್ದ ಮೊದಲ ಬಾಟಲಿ. ಇನ್ಸ್‌ಪೆಕ್ಟರು ಕೇಳಿದಾಗ ಅವರು ಮುಚ್ಚಿಡಲಿಲ್ಲ.

"ಸುರುವಿನದ್ದು ದೈವಕ್ಕೆ ಇಡದೆ ನಾವು ಮುಟ್ಲಿಕ್ಕುಂಟಾ ಮಾರಾಯ್ರೆ?"

"ದೈವಕ್ಕೆ ಇಟ್ಟದ್ದಾದರೆ ಕುಡಿಯುವಂಥದ್ದೇ!" ಎಂದರು ಇನ್ಸ್‌ಪೆಕ್ಟರು.

"ಒಮ್ಮೆ ಮೂಸಿ ನೋಡಿ ಸ್ವಾಮಿ, ಸೀಮೆಎಣ್ಣೆ ನಾತ ಬರ್ತದೆ," ಎಂದೆ ನಾನು. ಮೂಸುವುದು ತಮ್ಮ ಕೆಲಸವಲ್ಲವಂತೆ. ಹೊಸ ಬಸ್ಸು ಬಂದಾಗ ವಿಟ್ಲದಲ್ಲಿ ಚಕ್ರದಡಿಗೆ ಲಿಂಬೆಹಣ್ಣು ಇಟ್ಟರು. ಬಸ್ಸು ಶರಬತ್ತು ಕುಡಿಯಿತೇ? ಮುದುಕಿಯ ಭಕ್ತಿಯನ್ನೇ ಮಗನ ಕೈಗೆ ಕೋಳ ಮಾಡಿದಿರಲ್ಲ! ಅವರು ಅಂದಿನಿಂದ ಸರಿಯಾಗಿ ಗಂಜಿ ಉಂಡಿಲ್ಲ, ತಾನೇ ಮಗನನ್ನು ಹಿಡಿದುಕೊಟ್ಟೆ ಎನ್ನುತ್ತಾರೆ.

ಈಗ ನೀವು ಕೇಳದ ಒಂದು ಮಾತು ಹೇಳುತ್ತೇನೆ. ಪತ್ರಿಕೆಯಲ್ಲಿ ಕಾಕಂಬಿಯ ಸುದ್ದಿ ಓದಿದವಳು ನಾನು. ಹಣ್ಣು ಹಿಂಡಿದವಳು, ಒಲೆಯ ಮುಂದೆ ಕೂತವಳು, ಭಟ್ಟಿ ಇಳಿಸಿದವಳು ನಾನು. ಹಂಡೆಯ ಹತ್ತಿರ ಹೆಂಗಸು ನಿಂತಿದ್ದರೆ ಬಚ್ಚಲಿಗೆ ನೀರು ಕಾಯಿಸುತ್ತಾಳೆ ಎಂದೇ ನಿಮ್ಮವರು ತಿಳಿದರು. ನನ್ನ ಗಂಡನಿಗೆ ಒಲೆ ಹಚ್ಚಲಿಕ್ಕೂ ಬರುವುದಿಲ್ಲ, ಗದ್ದೆಗೆ ನೀರು ಬಿಡಲಿಕ್ಕೆ ಬರುತ್ತದೆ. ಆದಕಾರಣ ಅವರನ್ನೂ ಎಂಜಿನನ್ನೂ ಇವತ್ತೇ ತಂದು ಇಳಿಸಿ, ಅದೇ ಜೀಪಿಗೆ ನನ್ನನ್ನು ಹತ್ತಿಸಿ. ಮೊಕದ್ದಮೆ ಎಷ್ಟು ವರ್ಷ ಬೇಕಾದರೂ ನಡೆಯಲಿ, ಭತ್ತ ಕಾಯುವುದಿಲ್ಲ.

ಇಂತಿ,
ಜೈಲಿಗೆ ಒಯ್ಯಲು ಸೀರೆ ಮಡಚಿಟ್ಟು ಅಂಗಳದಲ್ಲಿ ಕೂತಿರುವ
ನಿಮ್ಮ ಅಸಲಿ ಅಪರಾಧಿ,
ದಮಯಂತಿ