ಬಾಗಿಲ ಹಿಂದೆ ಬರೆದ 73939133

ಕೂಡ್ಲಿಗಿ
10 ಮಾರ್ಚ್ 2025

ಬಸವೇಶ್ ಅವರಿಗೆ,

ಪ್ರೀತಿಯ ಎಂದು ಬರೆಯಲು ಕೈ ಏಳಲಿಲ್ಲ. ಬಲಗೈ ಅಂತೂ ನಿಮ್ಮ ದಯೆಯಿಂದ ಏಳುವುದೇ ಇಲ್ಲ. ಇದು ಎಡಗೈ ಬರಹ, ಸಾವಕಾಶ ಓದಿಕೊಳ್ಳಿ. ಜೈಲಿನಲ್ಲಿ ಪುರುಸೊತ್ತಿಗೇನು ಬರ.

ನಿಮ್ಮ ತಾಯಿ ಪಕ್ಕೀರಮ್ಮನವರ ಕೈಲಿ ಹೇಳಿಕಳಿಸಿದ ಮಾತು ಮುಟ್ಟಿತು. ಬಾಗಿಲ ಹಿಂದೆ ಬರೆದದ್ದು ಹುಲುಗೇಶನ ನಂಬರೇ, ಅವನಿಗೂ ನನಗೂ ಸಂಬಂಧವಿತ್ತು ಎಂದು ನಾನು ಕೋರ್ಟಿನಲ್ಲಿ ಒಪ್ಪಿಕೊಳ್ಳಬೇಕು. ಆಗ ನಿಮ್ಮ ಶಿಕ್ಷೆ ಕಡಿಮೆಯಾಗುತ್ತದೆ. ನಾನು ಆಸ್ಪತ್ರೆಯಲ್ಲಿದ್ದಾಗ ಅತ್ತೆ ತಮ್ಮೂರು ಹಲವಾಗಲಿಗೆ ಕರೆದೊಯ್ದ ಮಗಳನ್ನು ಕಳಿಸುತ್ತೀರಿ. ಇಲ್ಲದಿದ್ದರೆ ಅವಳ ಮುಖವನ್ನೂ ತೋರಿಸುವುದಿಲ್ಲ. ಎಂಥ ವ್ಯಾಪಾರ ರೀ ನಿಮ್ಮದು.

ಈಗಲಾದರೂ ಕೇಳಿ. 73939133 ಯಾರ ಫೋನೂ ಅಲ್ಲ. ಅದೊಂದು ಅವಿಭಾಜ್ಯ ಸಂಖ್ಯೆ, ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗುವುದಿಲ್ಲ. ಕೊನೆಯ ಅಂಕಿ ಕಿತ್ತುಹಾಕಿ, 7393913 ಉಳಿಯುತ್ತದೆ, ಅದೂ ಒಡೆಯುವುದಿಲ್ಲ. ಮತ್ತೆ ಕಿತ್ತರೆ 739391, ಅದೂ ಇಲ್ಲ. ಹೀಗೇ ಬಾಲ ಕತ್ತರಿಸುತ್ತ ಹೋಗಿ, 73939, 7393, 739, 73, ಕಡೆಗೆ ಬರೀ 7 ಉಳಿದರೂ ಒಡೆಯುವುದಿಲ್ಲ. ಇಂಥ ಗುಣದ ಸಂಖ್ಯೆಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಇದರ ಕೊನೆಗೆ ಯಾವ ಅಂಕಿ ಜೋಡಿಸಿದರೂ ಭಾಗವಾಗಿಬಿಡುತ್ತದೆ. ಹತ್ತನೆಯ ತರಗತಿಗೆ ಹೇಳಲೆಂದು ಬರೆದಿಟ್ಟಿದ್ದೆ. ಗ್ಯಾಸಿನವನದು, ಟ್ರ್ಯಾಕ್ಟರಿನವನದು, ನಮ್ಮ ಮನೆಯಲ್ಲಿ ಎಲ್ಲರ ನಂಬರೂ ಅಡುಗೆಮನೆ ಬಾಗಿಲ ಹಿಂದೆ ಸೀಮೆಸುಣ್ಣದಲ್ಲೇ ಇರುತ್ತಿದ್ದವಲ್ಲ, ಅವುಗಳ ಪಕ್ಕದಲ್ಲೇ ಇದನ್ನೂ ಗೀಚಿದ್ದೆ.

ನಿಮಗೆ ಎಂಟೇ ಅಂಕಿ ಕಂಡವು. ಕಡೆಯ ಎರಡನ್ನು ಕಳ್ಳಿ ಮುಚ್ಚಿಟ್ಟಿದ್ದಾಳೆಂದು ಸೊನ್ನೆ ಸೊನ್ನೆಯಿಂದ ಶುರುಮಾಡಿ, ಒಂದೊಂದೇ ಜೋಡಿಸಿ ಫೋನು ಹಚ್ಚಿದಿರಿ. ಇದು ಪಾಠದ ಲೆಕ್ಕ ಎಂದು ನಾನು ಅರಚುತ್ತಿದ್ದರೆ ಒನಕೆಯಿಂದ ಮಣಿಕಟ್ಟು ಜಜ್ಜಿದಿರಿ. ಚರ್ಮ ಹರಿದು ಮೂಳೆ ಹೊರಗೆ ಬಂತು. ಆಮೇಲೆ ಹುಲುಗೇಶ ಫೋನೆತ್ತಿ ಕಾನಹೊಸಹಳ್ಳಿ ಪಂಚರ್ ಅಂಗಡಿ, ಯಾರ್ರಿ ಅಂದ. ಗಂಡಸಿನ ದನಿ, ಹತ್ತಿರದ ಊರು, ನಿಮಗೆ ಅಷ್ಟೇ ಸಾಕಾಯಿತು. ನನ್ನ ಹೆಸರನ್ನೂ ಕೇಳಿರದ ಮನುಷ್ಯನ ತಲೆಯನ್ನು ಅವನದೇ ಟೈರು ಬಿಚ್ಚುವ ಸಲಾಕೆಯಿಂದ ಒಡೆದಿರಿ. ಒಂದು ಕಣ್ಣು ಹೋಗಿದೆ. ಹೆಂಡತಿ ತುತ್ತು ಇಟ್ಟರೆ ಉಣ್ಣುತ್ತಾನೆ.

ನನಗೆ ಮಗಳು ಬೇಕು. ಆದರೂ ಸುಳ್ಳು ಹೇಳಿ ಹುಲುಗೇಶನ ಹೆಂಡತಿಯ ಸಂಸಾರಕ್ಕೂ ಮಣ್ಣು ಹಾಕಲಾರೆ. ಇದ್ದದ್ದು ಇದ್ದ ಹಾಗೆ ಜಡ್ಜರಿಗೆ ಹೇಳುತ್ತೇನೆ. ನಿಮ್ಮ ಕೈಲಿ ಆದದ್ದು ಮಾಡಿಕೊಳ್ಳಿ.

ಇಂತಿ,
ಮಂಜಮ್ಮ, ಗಣಿತ ಶಿಕ್ಷಕಿ

ಮತ್ತೆ: ಇದನ್ನು ಅಂಚೆಗೆ ಹಾಕುವಷ್ಟರಲ್ಲಿ ಅತ್ತೆ ಮಗಳನ್ನು ಕರೆದುಕೊಂಡು ಬಸ್ಸಿಳಿದರು. ಮಗು ಅವರ ಕೈಯ ಊಟವನ್ನೇ ಬಿಟ್ಟಿತ್ತಂತೆ. ಎಲ್ಲವನ್ನೂ ನೋಡಿದ್ದಳಲ್ಲ. ನೀವು ಜಜ್ಜುವಾಗ ನನ್ನ ತೋಳನ್ನು ನೆಲಕ್ಕೆ ಒತ್ತಿ ಹಿಡಿದವರು ಯಾರೆಂದು ನಾನು ಪೊಲೀಸರಿಗೂ ಹೇಳಿಲ್ಲ, ಮೇಲೆಯೂ ಬರೆದಿಲ್ಲ. ಮಗಳು ಅವರ ಹತ್ತಿರ ಇದ್ದಾಳೆಂದು ಅಂಜಿದ್ದೆ. ಈಗ ಅವರೇ ಹೇಳಿದರು: "ನಿನ್ನ ಕೈ ಒತ್ತಿ ಹಿಡಿದಾಕಿ ನಾನ. ಜಡ್ಜ್ ಸಾಹೇಬ್ರ ಮುಂದ ಮೊದ್ಲು ನಾ ಹೇಳ್ತೀನಿ."