ಎರಡು ಬುಟ್ಟಿ ಮಣ್ಣು

ಹೆಗ್ಗದ್ದೆ
೧೪-೧೧-೨೦೨೪

ಚಿರಂಜೀವಿ ಪ್ರವೀಣನಿಗೆ ನಿನ್ನಜ್ಜಿಯ ಆಶೀರ್ವಾದ.

ಕಾಗದ ತಡವಾಯಿತೆಂದು ಬೇಜಾರಾಗಬೇಡ. ಕನ್ನಡಕದ ಕಡ್ಡಿ ಮುರಿದಿತ್ತು, ದಾರ ಕಟ್ಟಿಕೊಂಡು ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿನವಳ ಅಕ್ಷರ, ನಗಬೇಡ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದದಲ್ಲಿ ಆ ಕಾಟವಿಲ್ಲ.

ಇಲ್ಲಿ ಕಾಫಿ ಹಣ್ಣಾಗುತ್ತಿದೆ. ಕಂದು ಹಸು ಹೆಣ್ಣು ಕರು ಹಾಕಿದೆ.

ಏಪ್ರಿಲ್‌ನಲ್ಲಿ ನಿನ್ನಪ್ಪ ತೀರಿಕೊಂಡ ದಿನ ನೀನು ಮಂಗಳೂರಿನಿಂದ ಕಳಿಸಿದ ಮೆಸೇಜನ್ನು ಪಕ್ಕದ ಮನೆ ಪುಷ್ಪಾ ಓದಿ ಹೇಳಿದಳು. "ಸತ್ತವರನ್ನು ಸತ್ತವರೇ ಹೂಳಲಿ ಎಂದು ಸ್ವಾಮಿ ಹೇಳಿದ್ದಾನೆ. ನಾನು ಬರುವುದಿಲ್ಲ." ನೀನು ಯೇಸುವಿನ ದಾರಿ ಹಿಡಿದೆ ಎಂದು ನಾನು ಯಾವತ್ತಾದರೂ ಜಗಳ ತೆಗೆದಿದ್ದೇನೆಯೇ? ಆದರೆ ನಿನ್ನ ಈ ಮಾತು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ನೀನು ಬಿಟ್ಟುಹೋದ ಬೈಬಲನ್ನು ಬೆರಳಿಟ್ಟುಕೊಂಡು ಓದುತ್ತಾ ಬಂದೆ. ಮಾತೇನೋ ಅದರಲ್ಲಿದೆ. ಪುಷ್ಪಾಳನ್ನು ಕರೆದು, "ಸತ್ತೋನು ಗುದ್ದಲಿ ಹಿಡೀತಾನೇನೇ?" ಎಂದು ಕೇಳಿದೆ.

ಅವಳು ಹುಟ್ಟಿದಾಗಿನಿಂದ ಚರ್ಚಿಗೆ ಹೋಗುವವಳು. "ಅಯ್ಯೋ ಅಜ್ಜಿ, ಹೂಳೋರು ಅಂದ್ರೆ ಉಸಿರಾಡ್ತಿದ್ರೂ ದೇವ್ರನ್ನ ಮರ್ತೋರು. ತಡ ಮಾಡ್ದೆ ನನ್ನ ಹಿಂದೆ ಬಾ ಅನ್ನೋಕೆ ಹಂಗಂದಿದ್ದು. ನಮ್ಮಪ್ಪ ತೀರ್ಕಂಡಾಗ ಫಾದರ್ರೇ ನಿಂತು ನಮ್ ಕೈಲಿ ಮಣ್ಣು ಹಾಕ್ಸಿದ್ರಲ್ಲ" ಎಂದಳು.

"ನಮ್ಮೋನು ಎಲ್ಲಾನೂ ಒಟ್ಗೆ ಕಲಸ್ಬುಟ್ಟವ್ನೆ ಬಿಡು" ಎಂದೆ.

ಅದೇ ಬೈಬಲಿನಲ್ಲಿ ಇನ್ನೊಂದು ಕಡೆ ಲಾಜರ ಎಂಬ ಗೆಳೆಯ ಸತ್ತಾಗ ನಿನ್ನ ಸ್ವಾಮಿ, ಅವನು ಮಲಗಿದ್ದಾನೆ, ಎಬ್ಬಿಸಿ ಬರುತ್ತೇನೆ ಅನ್ನುತ್ತಾನೆ. ಶಿಷ್ಯರೂ ನಿನ್ನ ಹಾಗೆಯೇ. ಮಲಗಿದ್ದರೆ ಹುಷಾರಾಗುತ್ತಾನೆ ಬಿಡಿ ಎಂದರು. ಸತ್ತಿದ್ದಾನೆ ಎಂದು ಅವನೇ ಬಿಡಿಸಿ ಹೇಳಬೇಕಾಯಿತು. ಎಬ್ಬಿಸುತ್ತೇನೆಂದು ಗೊತ್ತಿದ್ದವನೂ ಆ ಗೋರಿಯ ಹತ್ತಿರ ಅತ್ತನಂತೆ. ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಅವನು ಅಷ್ಟು ದೂರ ನಡೆದು ಹೋದ ಕಣೋ. ನೀನು ಬಸ್ಸು ಹತ್ತಲಿಲ್ಲ.

ತೋಟದ ಮೂಲೆಯಲ್ಲಿ ನಿನ್ನಪ್ಪನನ್ನು ಮಣ್ಣು ಮಾಡಿದ ಜಾಗ ಈ ಮಳೆಗಾಲದಲ್ಲಿ ಕುಸಿದಿದೆ. ಎರಡು ಬುಟ್ಟಿ ಮಣ್ಣು ಬೇಕು. ಪೂಜೆಯಿಲ್ಲ, ಎಡೆಯಿಲ್ಲ, ಕೈ ಮುಗಿ ಅನ್ನುವುದಿಲ್ಲ. ಬುಟ್ಟಿ ಹೊರುವ ಕೆಲಸ ಅಷ್ಟೇ. ಬೇಕಿದ್ದರೆ ನಿನಗೆ ಗೊತ್ತಿರುವ ಪ್ರಾರ್ಥನೆ ಮಾಡು. ಆಳಿಗೆ ಹೇಳಿಲ್ಲ. ಕಾಫಿ ಕೊಯ್ಲು ಶುರುವಾಗುವ ಮುಂಚೆ ಬಾ.

ಉಪವಾಸ ಅಂತ ಹೊಟ್ಟೆ ಒಣಗಿಸಬೇಡ. ನಿನ್ನ ಸ್ವಾಮಿಯೂ ನಮ್ಮ ದೇವರೂ ಸೇರಿಕೊಂಡು ನಿನ್ನನ್ನು ಕಾಯಲಿ.

ಇತಿ
ನಿನ್ನಜ್ಜಿ ಬೆಟ್ಟಮ್ಮ

ಇನ್ನೊಂದು ಮಾತು. ನಮ್ಮಲ್ಲಿ ಮೊದಲ ಹಿಡಿ ಮಣ್ಣನ್ನು ಮಗ ಹಾಕಬೇಕು. ಇದ್ದವನು ನೀನೊಬ್ಬ. ಹೊತ್ತು ಮುಳುಗುವವರೆಗೂ ಎಲ್ಲರೂ ಕಾದರು. ದಾಯಾದಿಗಳು ಮುಂದೆ ಬಂದರು, ನಾನು ಬಿಡಲಿಲ್ಲ. ಅವನನ್ನು ಹೆತ್ತ ನಾನೇ ನನ್ನ ಕೈಯಲ್ಲಿ ಹಾಕಿದೆ. ಆ ಹಿಡಿ ಕೈಬಿಡುವ ಹೊತ್ತಿಗೆ, ಸತ್ತವರೇ ಹೂಳಲಿ ಎಂದಿದ್ದೆಯಲ್ಲ, ಆ ಮಾತು ನನ್ನ ಪಾಲಿಗೆ ನಿಜವೇ ಆಗಿತ್ತು.