ಹೇಳಿದ್ದನ್ನೇ ಮಾಡಿತು

ಗಡಿಬಿಡಿ,

ಹಾಗೆ ಕರೆಯುವ ಸಲಿಗೆ ಈಗಿಲ್ಲ. ಹೇಗೂ ಈ ಪತ್ರವನ್ನು ಕಳಿಸುವುದಿಲ್ಲ.

ಇವತ್ತು ಒಂಬತ್ತನೇ ತರಗತಿಗೆ ಕೋಡಿಂಗ್‌ನ ಮೊದಲ ಪಾಠ ಮಾಡಿದೆ. ಮೂರು ವರ್ಷದ ಹಿಂದೆ ಇದನ್ನು ಕಲಿಸಲೇ ಎಂದು ನೀನು ಕೇಳಿದಾಗ, ನಾನು ಹೆಡ್‌ಮಿಸ್ ಕುರ್ಚಿಯಲ್ಲಿ ಕೂತು, "ಮೌಸ್ ಮುಟ್ಟದ ಮಕ್ಕಳ ತಲೆಗೆ ಇದೆಲ್ಲ ಹತ್ತಲ್ಲ ಕಣೇ" ಎಂದಿದ್ದೆ. ನೀನು ಬೇರೆ ಶಾಲೆಗೆ ಹೋದೆ. ಈಗ ಮೇಲಿನಿಂದ ಆದೇಶ ಬಂದಿದೆ, ಕಲಿಸುವವರಿಲ್ಲ. ನೀನು ಬಿಟ್ಟುಹೋದ ನೋಟ್‌ಬುಕ್ ಹಿಡಿದು ನಾನೇ ನಿಂತೆ.

ಒಬ್ಬ ಹುಡುಗಿ ತನ್ನ ಹೆಸರನ್ನು ಹತ್ತು ಸಲ ಬರೆಯಲು ಕಂಪ್ಯೂಟರಿಗೆ ಹೇಳಹೋಗಿ, ಎಲ್ಲಿ ನಿಲ್ಲಬೇಕೆಂದು ಹೇಳುವುದನ್ನೇ ಮರೆತಳು. ಪರದೆಯ ತುಂಬ ಹೆಸರು ಓಡತೊಡಗಿತು.

"ಮೇಡಂ, ಕೆಟ್ಟೋಯ್ತಾ?" ಅವಳ ಕಣ್ಣು ತುಂಬಿತ್ತು.

ನಿಲ್ಲಿಸುವುದು ಹೇಗೆಂದು ನನಗೂ ಗೊತ್ತಿರಲಿಲ್ಲ. ನೋಟ್‌ಬುಕ್ ತಿರುವಿದೆ. ಅಂಚಿನಲ್ಲಿ ನಿನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರ: 'ಇಲ್ಲಿ ಮಕ್ಕಳು ಹೆದರುತ್ತಾರೆ. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ ಕೀಗಳನ್ನು ಒಟ್ಟಿಗೆ ಒತ್ತಿಸಬೇಕು. ಕೆಟ್ಟಿಲ್ಲ, ಹೇಳಿದ್ದನ್ನೇ ಮಾಡಿತು ಅನ್ನಬೇಕು.'

ಹಾಗೇ ಅಂದೆ. ಅವಳೇ ಒತ್ತಿ ನಿಲ್ಲಿಸಿದಳು. ತಿದ್ದಿ ಮತ್ತೆ ಬರೆದಳು. ಸರಿಯಾಗಿ ಹತ್ತು ಸಲ ಬಂತು.

ಆಮೇಲೆ ನೋಟ್‌ಬುಕ್ ಇಣುಕಿ ನೋಡಿ, "ಇದನ್ನ ಬರೆದಿರೋ ಟೀಚರ್ ಯಾಕೆ ಬರ್ಲಿಲ್ಲ ಮೇಡಂ?" ಎಂದಳು.

"ಬೆಲ್ ಆಯ್ತು, ಹೊರಡಿ ಎಲ್ರೂ" ಎಂದೆ.

ಬೆಲ್ ಆಗಲು ಇನ್ನೂ ಕಾಲು ಗಂಟೆಯಿತ್ತು.